ಯಾರೂ ಒದೆಯದ ಒದೆ

ಹಿಂದಿನಿಂದ ಯಾರೋ ನನ್ನ ಬಲಗಾಲಿನ ಹಿಮ್ಮಡಿಗೆ ಒದ್ದರು. ಶೂಸಿನ ಗಟ್ಟಿ ತುದಿಯಿಂದ, ಗುರಿಯಿಟ್ಟು. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಹಾಗೆ ಯಾರೂ ಒದ್ದಿರಲಿಲ್ಲ. ಇದೂ ನನಗೆ ಗೊತ್ತಿದೆ. ನೆನಪಿರುವುದು ಮತ್ತು ಗೊತ್ತಿರುವುದು ಒಂದೇ ಮನೆಯಲ್ಲಿ ಮಾತು ಬಿಟ್ಟ ಇಬ್ಬರ ಹಾಗೆ ನನ್ನೊಳಗೆ ಓಡಾಡಿಕೊಂಡಿವೆ. ಕಾಲು ವಾಸಿಯಾಗಿದೆ. ಇದು ಆಗಿಲ್ಲ.

ಹಿಮ್ಮಡಿಯನ್ನೂ ಮೀನಖಂಡವನ್ನೂ ಜೋಡಿಸುವ ಆ ದಪ್ಪ ಹುರಿ ನಿಮಗೂ ಹರಿದಿದ್ದರೆ, ನೀವೂ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿ ಇದನ್ನು ಓದುತ್ತಿದ್ದರೆ, ವ್ಯಾಯಾಮ ಯಾವುದು, ನಡೆಯುವುದು ಯಾವಾಗ ಎಂಬುದೆಲ್ಲ ನಿಮಗೆ ಬೇರೆ ಕಡೆ ಸಿಗುತ್ತದೆ. ನನ್ನಿಂದ ಸಿಗುವುದು ಒಂದೇ ಮಾತು. ನಿಮ್ಮ ಹಿಂದೆ ನಿಂತಿದ್ದವರ ಹೆಸರನ್ನು ಬಾಯಿಗೆ ತರಬೇಡಿ. ತಂದಾಗಿದ್ದರೆ ಬೇಗ ಹಿಂದಕ್ಕೆ ತೆಗೆದುಕೊಳ್ಳಿ. ತಡಮಾಡಿದರೆ ಏನಾಗುತ್ತದೆ ಎಂಬುದನ್ನು ನಾನು ಬಲ್ಲೆ.

ನನ್ನ ಹಿಂದೆ ನಿಂತಿದ್ದವಳು ಜಯಾ, ನನ್ನ ಗಂಡನ ತಮ್ಮನ ಹೆಂಡತಿ. ಅಣ್ಣತಮ್ಮ ಸೇರಿ ಘಾಟ್ಕೋಪರಿನಲ್ಲಿ ಒಂದು ಸಣ್ಣ ಉಡುಪಿ ಹೋಟೆಲು ನಡೆಸುತ್ತಾರೆ. ಸ್ಟೇಷನ್ನಿನಿಂದ ಒಳಗೆ, ಲಿಫ್ಟ್ ಇಲ್ಲದ ಹಳೆಯ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ಅವಳ ಸಂಸಾರ, ಮೂರನೆಯದರಲ್ಲಿ ನಮ್ಮದು. ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಮನೆಯಲ್ಲಿ ಕೂತು ಹಿಂದಿ ಜಾಹೀರಾತುಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ, ನಡುವೆ ಕತೆ ಬರೆಯುತ್ತೇನೆ. ಜಯಾ ಕಾರ್ಕಳದ ಕಡೆಯಿಂದ ಮದುವೆಯಾಗಿ ಬಂದವಳು. ಬೆಳಗಿನ ಹೊತ್ತು ಕಳೆದ ಮೇಲೆ ಹೋಟೆಲಿನ ಅಡುಗೆಮನೆಯ ಉಸ್ತುವಾರಿ ಅವಳದು. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದ್ದರಿಂದ ಅವಳ ಒಂದು ಮಾತೂ ಅವಳು ಆಡಿದ ಹಾಗೆಯೇ ಇಲ್ಲಿ ಇಲ್ಲ. ಓದುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮುಂಬಯಿಯಲ್ಲಿರುವ ನಮ್ಮೂರವರ ಸಂಘದ ವಾರ್ಷಿಕ ಕ್ರೀಡಾಕೂಟದಲ್ಲಿ ಹೆಂಗಸರ ಹಗ್ಗಜಗ್ಗಾಟವೆಂದರೆ ಎಲ್ಲರೂ ಊಟದ ತಟ್ಟೆ ಹಿಡಿದುಕೊಂಡೇ ಬಂದು ನಿಲ್ಲುವ ಆಟ. ಎಂಟು ಜನರ ತಂಡ. ಜಯಾ ಕೊನೆಯವಳು. ಕೊನೆಯವಳೆಂದರೆ ಲಂಗರು, ಹಗ್ಗದ ಬಾಲವನ್ನು ಭುಜದ ಮೇಲಿಂದ ತಂದು ಬಗಲಲ್ಲಿ ಬಿಗಿದುಕೊಂಡು, ಹಿಂದಕ್ಕೆ ವಾಲಿ, ಮುಂದಿನ ಏಳು ಜನ ಜಾರಿದರೂ ತಾನು ಜಾರಬಾರದು. ಮುಂಬಯಿಯಲ್ಲಿ ಜಯಾಳಿಗೆ ಅವಳದೇ ಎನ್ನುವ ಜಾಗ ಯಾವುದಾದರೂ ಇದ್ದರೆ ಅದು ಹಗ್ಗದ ಆ ತುದಿ. ಅವಳ ಹಿಂದಿ ಕೇಳಿ ತರಕಾರಿ ಮಾರುವ ಭಾಜಿವಾಲಾ ಕೂಡ ನಗುತ್ತಿದ್ದ. ಹಗ್ಗ ಹಿಡಿದ ಜಯಾಳನ್ನು ನೋಡಿ ಯಾರೂ ನಗುತ್ತಿರಲಿಲ್ಲ. ಬೊರಿವಲಿಯ ತಂಡದವರು ಅವಳನ್ನು ತೋರಿಸಿ, “ಅಗೋ, ಅವರ ಕಂಬ ಬಂತು,” ಎನ್ನುತ್ತಿದ್ದರು.

ನಾನು ಏಳನೆಯವಳು. ಬಲದಿಂದಲ್ಲ, ಓರಗಿತ್ತಿ ಎಂಬ ಕಾರಣಕ್ಕೆ. “ಅಕ್ಕ ನನ್ನ ಎದುರು ಇರಲಿ, ಅವಳ ಉಸಿರು ನನಗೆ ಗೊತ್ತಾಗ್ತದೆ,” ಎಂದು ಜಯಾಳೇ ನಿಲ್ಲಿಸಿದ್ದು.

ಜೋಗೇಶ್ವರಿಯ ಒಂದು ಶಾಲೆಯ ಮೈದಾನ. ಎದುರು ಬೊರಿವಲಿ. ಸೀಟಿ ಊದಿದರು, ಎಳೆದೆವು, ಅವರು ಒಮ್ಮೆಲೇ ಜಗ್ಗಿದರು, ನಾನು ಮುಂದಕ್ಕೆ ಎಳೆಯಲ್ಪಟ್ಟು ಬಲಗಾಲು ಊರಿದೆ. ಆಗ ಆ ಒದೆ. ಜೊತೆಗೆ ಟಯರು ಒಡೆದಂಥ ಸದ್ದು. ನಾನು ಹಗ್ಗ ಬಿಟ್ಟು, ಕುಸಿದು ಕೂತು, ಹಿಂದಕ್ಕೆ ತಿರುಗಿದೆ. “ಯಾರು ಒದ್ದದ್ದು?” ಎಂದು ಕೇಳಿದೆ.

ಹೀಗೆಂದು ನನ್ನ ನೆನಪು. ನಮ್ಮವರೊಬ್ಬರ ಗಂಡ ಮೊಬೈಲಿನಲ್ಲಿ ತೆಗೆದ ವಿಡಿಯೋದಲ್ಲಿ ನಾನು ಹೇಳುತ್ತಿರುವುದು ಬೇರೆ. “ಜಯಾ, ಯಾಕೆ ಒದ್ದಿ?” ಪ್ರಶ್ನೆಯಲ್ಲ ಅದು, ತೀರ್ಪು. ವಿಡಿಯೋದಲ್ಲಿ ಮುಖಗಳಿವೆ, ಹಗ್ಗವಿದೆ, ಹಿಂದೆ ಐಸ್‌ಕ್ರೀಮಿನ ಗಾಡಿಯಿದೆ. ಕಾಲುಗಳಿಲ್ಲ. ತೆಗೆದವರಿಗೆ ಹೆಂಡತಿಯ ಮುಖ ಮುಖ್ಯವಾಗಿತ್ತು.

ಅದರಲ್ಲಿ ಇನ್ನೊಂದಿದೆ. ನನ್ನ ಬಾಯಿಂದ ಆ ಮಾತು ಬಿದ್ದ ಕೂಡಲೇ ಜಯಾ ಬಗ್ಗಿ, ನನ್ನ ಭುಜ ಮುಟ್ಟಿ, ಬೆರಳುಗಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ಕಾಲು ತಾಗಿತೆಂದು ಯಾರಾದರೂ ಹೇಳಿದರೆ ನಾವೆಲ್ಲ ಮಾಡುವುದು ಅದನ್ನೇ. ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಯಾರ ಕಾಲು ಯಾರಿಗೆ ತಾಗಿತೆಂದು ಯಾರೂ ನೋಡಲು ಹೋಗುವುದಿಲ್ಲ. ಇಬ್ಬರ ಕೈಯೂ ಏಳುತ್ತದೆ, ಕಣ್ಣಿಗೆ ಹೋಗುತ್ತದೆ, ಮುಂದಿನ ಸ್ಟೇಷನ್ ಬರುತ್ತದೆ. ಜಯಾಳ ಕೈ ಅವಳಿಗೆ ಗೊತ್ತಾಗುವ ಮೊದಲೇ ಎದ್ದಿತ್ತು. ಆಮೇಲಷ್ಟೇ ಅವಳು ಮಾತಾಡಿದ್ದು: “ನಾನಲ್ಲ ಅಕ್ಕಾ. ನನ್ನ ಎರಡು ಕಾಲೂ ಮಣ್ಣಲ್ಲಿ ಹುಗಿದಿತ್ತು.” ಅಷ್ಟರಲ್ಲಿ ವಿಡಿಯೋ ನಿಂತಿದೆ.

ಸಂಘದ ಗ್ರೂಪಿನಲ್ಲಿ ಅದು ಸಂಜೆಯೊಳಗೆ ಸುತ್ತಿ ಬಂತು. “ಜಯಕ್ಕನನ್ನು ಫುಟ್‌ಬಾಲ್ ಟೀಮಿಗೆ ಹಾಕಿ,” ಎಂದು ಒಬ್ಬರು. “ಓರಗಿತ್ತಿಯರನ್ನು ಹಿಂದೆಮುಂದೆ ನಿಲ್ಲಿಸಿದ ಕ್ಯಾಪ್ಟನ್ನಿಗೆ ಶಿಕ್ಷೆ ಆಗಬೇಕು,” ಎಂದು ಇನ್ನೊಬ್ಬರು. ನಗುವ ಮುಖಗಳ ಸಾಲು. ನನ್ನ ಮಗಳು ಶ್ರೇಯಾ ಅದನ್ನು ಎರಡು ಸಲ ನೋಡಿ, “ಚಿಕ್ಕೀನೇ ಸಾರಿ ಬೋಲಾ ನಾ, ಮಮ್ಮಿ? ಮತ್ಲಬ್ ಅವರೇ ಒದ್ದದ್ದು,” ಎಂದಳು. ಅತ್ತೆ ಟಿವಿಯ ಸದ್ದು ಕಡಿಮೆ ಮಾಡಿ ನ್ಯಾಯ ಹೇಳಿದರು. “ಮನೆಯ ಕಾಲು ಮನೆಯವಳಿಗೇ ತಾಗಿದ್ದು. ಊರಿಗೆ ಯಾಕೆ ಸಾರುವುದು?” ಅದು ಜಯಾಳ ಪರವಾಗಿ ಆಡಿದ ಮಾತು. ಅದಕ್ಕಿಂತ ಗಟ್ಟಿಯಾಗಿ ಅವಳನ್ನು ಯಾರೂ ಸಿಕ್ಕಿಸಲಿಲ್ಲ.

ಮರುದಿನ ಆಸ್ಪತ್ರೆ. ಗಂಡನಿಗೆ ಹೋಟೆಲಿನ ಹಣದ ಗಲ್ಲೆ ಬಿಟ್ಟು ಬರಲಾಗಲಿಲ್ಲ, ಜಯಾ ಬಂದಳು. ಕಾಯುವ ಕೋಣೆಯಲ್ಲಿ ಕೈಗೆ ಜೋಳಿಗೆ ಹಾಕಿಕೊಂಡವರು, ಕುತ್ತಿಗೆಗೆ ಪಟ್ಟಿ ಬಿಗಿದವರು, ಎಲ್ಲರೂ ಒಬ್ಬರ ಪ್ಲಾಸ್ಟರನ್ನು ಇನ್ನೊಬ್ಬರು ಅಳೆಯುತ್ತ ಕೂತಿದ್ದರು. ಪಕ್ಕದ ಮುದುಕಿ ಏನಾಯಿತೆಂದು ನನ್ನನ್ನು ಮರಾಠಿಯಲ್ಲಿ ವಿಚಾರಿಸಿದಳು, “ಕಾಯ್ ಝಾಲಂ?” ನಾನು ಬಾಯಿ ತೆರೆಯುವ ಮೊದಲೇ ಜಯಾ ತನ್ನ ಹರಕು ಹಿಂದಿಯಲ್ಲಿ, “ರಸ್ಸೀ ಖೇಲಾ, ಗಿರ್ ಗಯಾ,” ಎಂದಳು, ಹಗ್ಗದಾಟದಲ್ಲಿ ಬಿದ್ದದ್ದೆಂದು. ಮುದುಕಿ ನಮ್ಮಿಬ್ಬರ ವಯಸ್ಸನ್ನೂ ನೋಡಿ ಸೆರಗಿನಲ್ಲಿ ನಕ್ಕಳು. ನಾನೂ ಜಯಾಳೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಒಳಗೆ ಒಬ್ಬರನ್ನೇ ಬಿಟ್ಟರು. ಡಾಕ್ಟರು ನನ್ನನ್ನು ಬೋರಲು ಮಲಗಿಸಿ ಎಡಗಾಲಿನ ಮೀನಖಂಡವನ್ನು ಹಿಂಡಿದರು, ಪಾದ ತಲೆಯಾಡಿಸಿತು. ಬಲಗಾಲಿನದನ್ನು ಹಿಂಡಿದರು. ಪಾದ ಅಲುಗಲಿಲ್ಲ. ನನ್ನದೇ ಪಾದ, ಕರೆದರೆ ಓಗೊಡಲಿಲ್ಲ. ಆಗ ನನಗಾದ ಹೆದರಿಕೆಯನ್ನು ನಾನು ಇಲ್ಲಿ ಚಂದಗೊಳಿಸುವುದಿಲ್ಲ. ಇನ್ನೊಮ್ಮೆ ಹಿಂಡಿ ನೋಡಿ ಎಂದೆ, ಅಷ್ಟೆ.

“ಹಿಂದಿನಿಂದ ಯಾರೋ ಒದ್ದ ಹಾಗೆ ಅನಿಸಿತಾ?” ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು.

“ಹೌದು. ನನ್ನ ಓರಗಿತ್ತಿ—”

“ಕೋಯಿ ನಹೀ ಮಾರಾ, ಯಾರೂ ಒದ್ದಿಲ್ಲ,” ಎಂದು ನಕ್ಕರು. “ಈ ಹುರಿ ಹರಿದಾಗ ಎಲ್ಲರಿಗೂ ಹಾಗೇ ಅನಿಸುತ್ತದೆ. ಬ್ಯಾಡ್ಮಿಂಟನ್ ಆಡುವವರು ತಿರುಗಿ ನೋಡಿ ಪಾರ್ಟನರಿಗೆ ಬೈಯುತ್ತಾರೆ. ಒಬ್ಬರು ಪಾರ್ಕಿನಲ್ಲಿ ಒಬ್ಬರೇ ಓಡುತ್ತಿದ್ದವರು, ಕಲ್ಲು ಎಸೆದವನನ್ನು ಹುಡುಕಿದರಂತೆ. ಆಪರೇಷನ್ ಬೇಕಾಗುತ್ತದೆ. ಹೊರಗೆ ಯಾರಿದ್ದಾರೆ?”

“ಓರಗಿತ್ತಿ,” ಎಂದೆ.

ವಾರ್ಡ್‌ಬಾಯ್ ಗಾಲಿಕುರ್ಚಿಯನ್ನು ಹೊರಗೆ ತಂದ. ಜಯಾ ನನ್ನ ಚಪ್ಪಲಿಗಳನ್ನು ಎದೆಗೆ ಅವಚಿಕೊಂಡು ಎದ್ದು ನಿಂತಳು. “ಎಂತ ಹೇಳಿದ್ರು ಅಕ್ಕ?”

ಇಲ್ಲಿ ನನ್ನ ನೆನಪು ಎರಡು ದಾರಿಯಲ್ಲಿ ನಡೆಯುತ್ತದೆ. ಒಂದರಲ್ಲಿ ನಾನು ನೋವಿನಲ್ಲಿದ್ದೇನೆ, ಹೆದರಿದ್ದೇನೆ, ಆಪರೇಷನ್ ಎಂಬ ಶಬ್ದ ಉಳಿದುದನ್ನೆಲ್ಲ ಒರೆಸಿಹಾಕಿದೆ. ಈ ದಾರಿ ನನಗೆ ಇಷ್ಟ. ಇನ್ನೊಂದರಲ್ಲಿ ನಾನು ಜಯಾಳ ಮುಖ ನೋಡುತ್ತೇನೆ. ಮೈದಾನದಿಂದ ಮನೆಗೆ, ಮನೆಯಿಂದ ಇಲ್ಲಿಗೆ ನನ್ನನ್ನು ಹೆಚ್ಚುಕಡಿಮೆ ಹೊತ್ತು ತಂದ ಅವಳ ತೋಳುಗಳನ್ನು ನೋಡುತ್ತೇನೆ. ಬರುವ ವಾರಗಳನ್ನು ಮನಸ್ಸಿನಲ್ಲೇ ಕೂಡಿಸುತ್ತೇನೆ. ಆಮೇಲೆ ಬಾಯಿ ತೆರೆಯುತ್ತೇನೆ. ಯಾವುದು ನಡೆದದ್ದೆಂದು ಹೇಳಲಾರೆ. ಎರಡರಲ್ಲೂ ಬಾಯಿಂದ ಬರುವ ಮಾತು ಒಂದೇ.

“ಆಪರೇಷನ್ ಅಂತೆ.”

“ಮತ್ತೆ ಎಂತ ಹೇಳಿದ್ರು?”

“ಮತ್ತೆ ಎಂತ ಇಲ್ಲ.”

ಆಪರೇಷನ್ ಆಗಿ ಮನೆಗೆ ಬಂದ ದಿನ ಹೋಟೆಲಿನ ನಾಲ್ವರು ಬಂದು ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೂರು ಮಾಳಿಗೆ ಹತ್ತಿಸಿದರು. ಎರಡನೇ ಮಾಳಿಗೆಯ ಗುಜರಾತಿ ನೆರೆಯಾಕೆ ಬಾಗಿಲು ತೆರೆದು, “ಅರೇ ವಾಹ್, ಪಾಲಖೀ ಆಯೀ! ಪರಸಾದ್ ಕಹಾಂ?” ಎಂದಳು. ದೋಸೆಯ ಭಟ್ಟರು ಏದುಸಿರು ಬಿಡುತ್ತ, “ದೇವರು ಸ್ವಲ್ಪ ಭಾರ ಉಂಟು ಅಮ್ಮಾ,” ಎಂದರು. ಎಲ್ಲರೂ ನಕ್ಕರು. ಹಿಂದಿನಿಂದ ನನ್ನ ಪ್ಲಾಸ್ಟರಿನ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಒಂದೊಂದೇ ಮೆಟ್ಟಿಲು ನೋಡಿ ಹತ್ತುತ್ತಿದ್ದ ಜಯಾ ನಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಮೇಲೆ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಪ್ರತಿದಿನ ಬಂದಳು. ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟುವುದು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕಾಲಿಡಿಸುವುದು, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಮೀಯಿಸುವುದು, ಎತ್ತುವುದು, ಬಟ್ಟೆ ತೊಡಿಸುವುದು. ರಕ್ತ ಹೆಪ್ಪುಗಟ್ಟದ ಹಾಗೆ ಹೊಟ್ಟೆಗೆ ಚುಚ್ಚುವ ಸೂಜಿಯನ್ನು ನರ್ಸ್ ಚುಚ್ಚಿದರೂ ಕೈ ಹಿಡಿದುಕೊಳ್ಳಲು ಅವಳೇ ಬೇಕಿತ್ತು. ಗಂಡನಿಗೆ ಹೆದರಿಕೆ, ಬಾತ್‌ರೂಮಿನ ಹೊರಗೆ ನಿಂತು, “ಆಯ್ತಾ? ಆಯ್ತಾ?” ಎನ್ನುವುದಷ್ಟೇ ಅವನಿಗೆ ಬರುತ್ತಿತ್ತು. ಮಗಳಿಗೆ ಕಾಲೇಜು. ಅತ್ತೆಗೆ ಸ್ವತಃ ಮೊಣಕಾಲು ನೋವು.

ಹಾಸಿಗೆ ಹಿಡಿದವರು ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ತಪ್ಪು ಮಾಡಿದೆನೆಂದು ನಂಬಿದವರ ಕೈ ಬಹಳ ಮೃದು. ಮದುವೆಯಾಗಿ ಬಂದಂದಿನಿಂದ ಜಯಾ ನನ್ನ ಜೊತೆ ಸಮಸಮ ವಾದಿಸಿದವಳು. ಪಾತ್ರೆಗೆ, ಹಬ್ಬದ ಸೀರೆಯ ಬಣ್ಣಕ್ಕೆ, ಅತ್ತೆಯ ಮಾತ್ರೆಗೆ ನಾವು ಜಗಳವಾಡಿದ್ದೇವೆ. ಈಗ ಅವಳು ನೀರಿನ ಬಿಸಿಯನ್ನು ಮೊದಲು ತನ್ನ ಮುಂಗೈಗೆ ಹೊಯ್ದುಕೊಂಡು ನೋಡುತ್ತಿದ್ದಳು. ನಾನು ಸಿಡುಕಿದರೆ, “ಹೌದಕ್ಕ,” ಎನ್ನುತ್ತಿದ್ದಳು. ನಾನು ಕಣ್ಣು ಮುಚ್ಚಿ ಆ ನೀರನ್ನು ಹೊಯ್ಯಿಸಿಕೊಳ್ಳುತ್ತಿದ್ದೆ. ‘ಕೋಯಿ ನಹೀ ಮಾರಾ’ ಎಂಬ ಮೂರು ಶಬ್ದ ನನ್ನ ಬಾಯಲ್ಲಿತ್ತು. ಆಡಿದರೆ ಅವಳು ಬರುವುದು ನಿಲ್ಲುತ್ತದೆ, ಇಲ್ಲವೇ ಮೊದಲಿನ ಜಯಾ ಆಗಿ ಬರುತ್ತಾಳೆ ಎಂದು ನಾನು ಎಣಿಸಿದ್ದೆ. ಪ್ಲಾಸ್ಟರ್ ತೆಗೆಯಲಿ, ಆಮೇಲೆ. ಅದರ ಬದಲು ಆಸರೆಯ ಬೂಟು ಹಾಕಲಿ, ಆಮೇಲೆ. ಹಿಮ್ಮಡಿಯ ಕೆಳಗಿನ ಮೆತ್ತೆ ಒಂದೊಂದಾಗಿ ತೆಗೆಯಲಿ, ಆಮೇಲೆ.

ನಾನು ಕಾಯುತ್ತಿದ್ದ ಹೊತ್ತಿನಲ್ಲಿ ಜಯಾಳ ಕತೆ ಬೆಳೆಯುತ್ತಿತ್ತು.

ಮೊದಲು ಅವಳು ಹೇಳುತ್ತಿದ್ದದ್ದು, “ನನ್ನ ಕಾಲು ಹಿಂದೆ ಇತ್ತು ಅಕ್ಕ, ದೇವರಾಣೆ.” ಪ್ಲಾಸ್ಟರು ಒಗ್ಗಿದ ಹೊತ್ತಿಗೆ, ನನ್ನ ಬೆನ್ನು ಉಜ್ಜುತ್ತ, “ಗೊತ್ತಾಗದ ಹಾಗೆ ತಾಗಿರ್ಲಿಕ್ಕೂ ಸಾಕು,” ಎಂದಳು. ಆಮೇಲೊಂದು ದಿನ, ಒದ್ದೆ ಕೂದಲು ಹಿಂಡುವಾಗ, “ತಾಗದೆ ನಾನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ತಿದ್ನಾ? ವಿಡಿಯೋದಲ್ಲಿ ಉಂಟಲ್ಲ. ನನ್ನ ಕೈಗೆ ಗೊತ್ತಿತ್ತು, ನನಗೇ ಗೊತ್ತಿರಲಿಲ್ಲ,” ಎಂದಳು. ಆಗಲೂ ಹೇಳಬಹುದಿತ್ತು. ಬಕೆಟ್ಟಿನ ಮೇಲಿದ್ದ ಕಾಲನ್ನೇ ನೋಡುತ್ತ, ಟವೆಲು ಎಲ್ಲಿ ಎಂದು ಕೇಳಿದೆ.

ಇನ್ನೊಂದು ವಾರ ಅವಳಿಗೆ ಒದ್ದದ್ದು ಎಡಗಾಲು ಎಂಬುದೂ ನೆನಪಾಯಿತು. ಆಮೇಲೆ ಶೂಸಿನೊಳಗೆ ಅವಳ ಹೆಬ್ಬೆರಳಿಗೆ ನನ್ನ ಹಿಮ್ಮಡಿಯ ಮೂಳೆ ಗಟ್ಟಿಯಾಗಿ ಸಿಕ್ಕಿದ್ದೂ ನೆನಪಾಯಿತು. ಕತೆ ಬರೆಯುವ ನನಗೆ ಗೊತ್ತು, ಸುಳ್ಳಿಗೆ ಜೀವ ಬರುವುದು ಇಂಥ ವಿವರದಿಂದಲೇ. ಒಂದು ವ್ಯತ್ಯಾಸವಿತ್ತು. ಜಯಾ ಸುಳ್ಳು ಹೇಳುತ್ತಿರಲಿಲ್ಲ.

ಆ ದಿನ ಬೂಟಿನ ಕೊನೆಯ ಮೆತ್ತೆ ತೆಗೆದು ಹೆಚ್ಚು ದಿನವಾಗಿರಲಿಲ್ಲ. ಊರುಗೋಲು ಹಿಡಿದು ಬಾತ್‌ರೂಮಿನವರೆಗೆ ನಾನೇ ಹೋಗುತ್ತಿದ್ದೆ. ಜಯಾ ತಲೆಗೆ ಸೀಗೆ ಹಾಕುತ್ತ, ಯಾವ ಪೀಠಿಕೆಯೂ ಇಲ್ಲದೆ ಮಾತಾಡಿದಳು.

“ಅಕ್ಕ, ಒಂದು ಹೇಳ್ತೇನೆ, ಬೈಬೇಡ. ಆ ದಿನ ಬೆಳಿಗ್ಗೆ ನನಗೆ ನಿನ್ನ ಮೇಲೆ ಸಿಟ್ಟಿತ್ತು.”

“ಯಾಕೆ?”

“ಮೆಟ್ರೋದಲ್ಲಿ ನಾನು ಆ ಹೆಂಗಸಿನ ಹತ್ರ ಸೀಟು ಕೇಳಿದೆನಲ್ಲ, ಹಿಂದಿಯಲ್ಲಿ. ನೀನು, ಶ್ರೇಯಾ ಮುಖ ಮುಖ ನೋಡಿ ನಕ್ಕಿರಿ. ಅದೇ ಹೊಟ್ಟೆಯಲ್ಲಿ ಇತ್ತು. ಕಾಲು ಸುಮ್ಮನೆ ಹೋಗ್ಲಿಲ್ಲ ಅಕ್ಕ. ಸಿಟ್ಟಲ್ಲೇ ಹೋದದ್ದು.”

ನಕ್ಕಿದ್ದೆನೇ? ನೆನಪಿಲ್ಲ. ಇಡೀ ಪ್ರಕರಣದಲ್ಲಿ ನನಗೆ ನೆನಪಿಲ್ಲದ್ದು ಇದೊಂದೇ, ಬಹುಶಃ ನಿಜವಾಗಿ ನಡೆದದ್ದೂ ಇದೊಂದೇ.

“ಜಯಾ, ನಿಲ್ಲಿಸು,” ಎಂದೆ. “ನೀನು ಒದ್ದಿಲ್ಲ. ಯಾರೂ ಒದ್ದಿಲ್ಲ. ಹುರಿ ಹರಿಯುವಾಗ ಎಲ್ಲರಿಗೂ ಹಾಗೆ ಅನಿಸ್ತದಂತೆ. ಡಾಕ್ಟರು ಮೊದಲ ದಿನವೇ ಹೇಳಿದ್ರು. ನೀನು ಹೊರಗೆ ಚಪ್ಪಲಿ ಹಿಡ್ಕೊಂಡು ನಿಂತಿದ್ದಿ. ನಾನು ನಿನಗೆ ಹೇಳ್ಲಿಲ್ಲ.”

“ಆಯ್ತು. ಕಣ್ಣು ಮುಚ್ಚು, ಸೀಗೆ ಇಳೀತದೆ.”

“ಕೇಳು ಮಾರಾಯ್ತಿ! ನಾನು ಬೇಕೂಂತ ಮುಚ್ಚಿಟ್ಟೆ. ಗೊತ್ತಾದ್ರೆ ನೀನು ಬರ್ಲಿಕ್ಕಿಲ್ಲ ಅಂತ ಮುಚ್ಚಿಟ್ಟೆ.”

ಅವಳ ಕೈ ನನ್ನ ತಲೆಯ ಮೇಲೆ ಒಂದು ಕ್ಷಣ ನಿಂತಿತು. ಬೈಗುಳಕ್ಕೆ ನಾನು ಸಿದ್ಧವಾಗಿದ್ದೆ. ಚೆಂಬಿನಲ್ಲಿ ಹೊಡೆದರೂ ಆಗುತ್ತಿತ್ತು. ಅವಳು ನಕ್ಕಳು, ಬಹಳ ದಿನಗಳ ಮೇಲೆ, ಬಾಯಿ ತುಂಬ.

“ಕತೆ ಬರೆಯುವವಳು ನೀನು! ನನ್ನ ಸಮಾಧಾನಕ್ಕೆ ಎಷ್ಟು ಚಂದ ಕಟ್ಟಿದಿ. ಗೊತ್ತಿಲ್ವಾ ಅಕ್ಕ ನನಗೆ? ಒದ್ದರೂ ಒದ್ದಿಲ್ಲ ಅಂದ್ರೂ ನಾನು ಬರುವವಳೇ. ಇನ್ಯಾರುಂಟು ನಿನಗೆ ಇಲ್ಲಿ?”

ಬಿಸಿ ನೀರು ತಲೆಯಿಂದ ಇಳಿಯಿತು. ಇನ್ಯಾರುಂಟು ನಿನಗೆ ಎಂದು ಅವಳು ಅಷ್ಟು ಹಗುರವಾಗಿ ಹೇಳಿದಳು. ಇಷ್ಟು ವಾರ ನಾನು ಮುಚ್ಚಿಟ್ಟು ಕಾಯ್ದುಕೊಂಡದ್ದು ನನಗೆ ಹೇಗೂ ಸಿಗುವಂಥದೇ ಆಗಿತ್ತು.

ಅವಳನ್ನು ನಂಬಿಸಲು ನಾನು ಮಾಡಿದ ಒಂದೊಂದು ಪ್ರಯತ್ನವೂ ತಿರುಗಿಬಿತ್ತು. ಗ್ರೂಪಿನಲ್ಲಿ ಬರೆದೆ: ಜಯಾ ಒದ್ದಿಲ್ಲ, ಡಾಕ್ಟರು ಹೀಗೆ ಹೇಳಿದ್ದಾರೆ, ಹೇಳದೆ ಉಳಿದದ್ದು ನನ್ನ ತಪ್ಪು. ಕೈಮುಗಿದ ಚಿತ್ರಗಳ ಸಾಲೇ ಬಂತು. “ಸುಮತಿಯಕ್ಕನ ದೊಡ್ಡ ಮನಸ್ಸು.” “ಕುಟುಂಬ ಅಂದ್ರೆ ಹೀಗಿರಬೇಕು.” ನಾನು ತಪ್ಪೊಪ್ಪಿಕೊಂಡದ್ದಕ್ಕೆ ನನಗೇ ಶಾಲು ಹೊದಿಸಿದ ಹಾಗಾಯಿತು. ಗಂಡ ಗಲ್ಲೆಯಿಂದಲೇ ಫೋನ್ ಮಾಡಿ, “ಒಳ್ಳೇದು ಮಾಡಿದಿ. ಜಯಾಳ ಮುಖ ಉಳಿಸಿದಿ,” ಎಂದ. ಅದು ನಿಜ ಎಂದು ಎಷ್ಟು ಹೇಳಿದರೂ, “ಹೌದು, ಹೌದು, ಹಾಗೇ ಹೇಳಬೇಕು,” ಎಂದು ಯಾರಿಗೋ ಚಿಲ್ಲರೆ ಕೊಡಲು ಹೋದ. ಅತ್ತೆ ಮಾತ್ರ ನನ್ನನ್ನು ದಿಟ್ಟಿಸಿ ನೋಡಿ, “ಮೊದಲ ದಿನವೇ ಗೊತ್ತಿತ್ತಾ ನಿನಗೆ?” ಎಂದು ಕೇಳಿದರು. ಹೌದೆಂದೆ. ಅವರು ತಟ್ಟೆ ತೆಗೆದುಕೊಂಡು ಒಳಗೆ ಹೋದರು. ನನ್ನನ್ನು ನಂಬಿದ ಒಬ್ಬರೇ ಒಬ್ಬರು ಅವರು. ಆ ದಿನದಿಂದ ನನ್ನ ಜೊತೆ ಅವರ ಮಾತು ಕಡಿಮೆ. ಅದೊಂದು ಸಣ್ಣ ಸಮಾಧಾನ.

ಮುಂದಿನ ಸಲ ಡಾಕ್ಟರಲ್ಲಿಗೆ ಹೋಗುವಾಗ ಜಯಾಳನ್ನು ಒಳಗೇ ಕರೆದುಕೊಂಡು ಹೋದೆ. ಈಗ ಅವರು ದಾದರಿನ ಕ್ಲಿನಿಕ್ಕಿನಲ್ಲಿ ನೋಡುತ್ತಿದ್ದರು. ನಾನೇ ಕೇಳಿದೆ, “ಡಾಕ್ಟರ್, ಆ ಒದೆಯ ವಿಷಯ ಇವಳಿಗೊಮ್ಮೆ ಹೇಳಿ.” ಅವರು ಜಯಾಳ ಕಡೆ ತಿರುಗಿ, ಬಿಡಿಸಿ ಬಿಡಿಸಿ ಹೇಳಿದರು. ಯಾರೂ ಒದೆಯುವುದಿಲ್ಲ. ಹರಿದದ್ದೇ ಒದೆಯ ಹಾಗೆ ಅನಿಸುತ್ತದೆ. ಒದ್ದರೆ ಈ ಹುರಿ ಹೀಗೆ ಹರಿಯುವುದೂ ಇಲ್ಲ. “ಸಮಝೀ?” ಜಯಾ ಶಾಲೆಯ ಹುಡುಗಿಯ ಹಾಗೆ ಕೈಕಟ್ಟಿ ಕೇಳಿ, “ಹಾಂ ಡಾಕ್ಟರ್ ಸಾಬ್. ಥ್ಯಾಂಕ್ಯೂ,” ಎಂದಳು.

ಹೊರಗೆ ಹೂವಿನವರ ಗದ್ದಲದಲ್ಲಿ ನನ್ನ ಮೊಣಕೈ ಹಿಡಿದು ದಾರಿ ಬಿಡಿಸುತ್ತ ಸ್ಟೇಷನ್ನಿನ ಕಡೆ ನಡೆದಳು. ಮೆಟ್ಟಿಲ ಬುಡದಲ್ಲಿ ನಿಂತು ಕೇಳಿದಳು, “ನೀನು ಮೊದಲೇ ಅವರಿಗೆ ಹೇಳಿಕೊಟ್ಟಿದ್ದಿ ಅಲ್ವಾ?”

“ಇಲ್ಲ ಜಯಾ! ಅಷ್ಟು ದೊಡ್ಡ ಡಾಕ್ಟರು ನನಗೋಸ್ಕರ ಸುಳ್ಳು ಹೇಳ್ತಾರಾ?”

“ಸುಳ್ಳು ಅಂತ ಅಲ್ಲ.” ಅವಳು ಯೋಚಿಸಿದಳು. “ಉಳಿದವರಿಗೆಲ್ಲ ಹಾಗೇ ಇರಬಹುದು. ನಮ್ಮದರಲ್ಲಿ ತಾಗಿತ್ತು ಅಕ್ಕ. ನಿನಗೂ ನೆನಪುಂಟಲ್ಲ, ಒದ್ದದ್ದು?”

ಇಲ್ಲ ಎನ್ನಬೇಕಿತ್ತು. ಆದರೆ ಅವಳು ಕೇಳಿದ್ದು ಗೊತ್ತಿರುವುದನ್ನಲ್ಲ, ನೆನಪಿರುವುದನ್ನು. ಮತ್ತೊಂದು ಸುಳ್ಳಿಗೆ ನಾನು ಬಾಯಿ ತೆರೆದೆ, ಬರಲಿಲ್ಲ.

“ನೆನಪುಂಟು,” ಎಂದೆ. “ಆದರೆ—”

“ಮತ್ತೆ? ನನಗೂ ನೆನಪುಂಟು.” ಅವಳು ನನ್ನ ಚೀಲವನ್ನು ತನ್ನ ಭುಜಕ್ಕೆ ಏರಿಸಿಕೊಂಡಳು. “ಇಬ್ಬರಿಗೂ ನೆನಪುಂಟು. ಇನ್ನು ಡಾಕ್ಟರು ಎಂತಕ್ಕೆ? ನಡಿ, ಸ್ಲೋ ಲೋಕಲ್ ಹಿಡಿಯುವಾ, ಕೂರ್ಲಿಕ್ಕೆ ಸಿಗ್ತದೆ.”

ಓರಗಿತ್ತಿಯರಾಗಿ ನಾವು ಯಾವುದೇ ಘಟನೆಯನ್ನು ಒಂದೇ ರೀತಿ ನೆನಪಿಟ್ಟುಕೊಂಡದ್ದಿಲ್ಲ. ಯಾರ ಮದುವೆಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದರು ಎಂಬುದರಲ್ಲೂ ಎರಡು ಪಾಠಗಳಿವೆ. ಇಬ್ಬರ ಸಾಕ್ಷಿಯೂ ಕೂದಲಷ್ಟೂ ಬೇರೆಯಾಗದೆ ಹೊಂದುವುದು ಇದೊಂದರಲ್ಲಿ, ನಡೆಯದೇ ಇದ್ದ ಇದೊಂದರಲ್ಲಿ. ನನ್ನ ತಪ್ಪಿಗೆ ಅವಳು ಬೈಯಬೇಕಾದರೆ ಮೊದಲು ಅವಳು ನಂಬಬೇಕು. ಅವಳು ನಂಬುವುದಿಲ್ಲ. ಹಾಗಾಗಿ ಕ್ಷಮೆಯೂ ಇಲ್ಲ. ಎಷ್ಟು ಕೇಳಿದರೂ ಅವಳ ದೃಷ್ಟಿಯಲ್ಲಿ ಅದು ನನ್ನ ಒಳ್ಳೆಯತನ.

ಈಗ ನಾನು ಊರುಗೋಲಿಲ್ಲದೆ ನಡೆಯುತ್ತೇನೆ. ಮೆಟ್ಟಿಲು ಇಳಿಯುವಾಗ ಸ್ವಲ್ಪ ಎಳೆಯುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಮೊದಲ ಕೆಲವು ಹೆಜ್ಜೆ ಬೇರೆಯವರ ಕಾಲಿನಲ್ಲಿ ನಡೆದಂತಿರುತ್ತದೆ. ನಿಮಗೂ ಹಾಗೇ ಇದ್ದರೆ ಹೆದರಬೇಡಿ. ಚಹಾ ಕುದಿಯುವ ಹೊತ್ತಿಗೆ ಅದು ನಿಮ್ಮದಾಗುತ್ತದೆ. ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತುವುದು ಇನ್ನೂ ಪೂರ್ತಿ ಬಂದಿಲ್ಲ. ಬರುತ್ತದಂತೆ.

ಕಳೆದ ತಿಂಗಳಿಂದ ಬಿಲ್ಡಿಂಗಿನ ಕಾಂಪೌಂಡಿನಲ್ಲಿ ಅಭ್ಯಾಸ ಮತ್ತೆ ಶುರುವಾಗಿದೆ. ಪಾರ್ಕಿಂಗಿನ ಕಂಬಕ್ಕೆ ಹಗ್ಗ ಕಟ್ಟಿ ಎಳೆಯುತ್ತಾರೆ. ಜಯಾ ಬರುವುದಿಲ್ಲ ಎಂದಿದ್ದಳು. ಹೆಂಗಸರೆಲ್ಲ ಒಂದೇ ಸಮನೆ ಕಾಡಿದರು, ನಾನೂ ಕಾಡಿದೆ, ಕೊನೆಗೆ ಒಂದು ಸಂಜೆ ಸೆರಗು ಬಿಗಿದು ಇಳಿದು ಬಂದಳು. ನಾನು ವಾಚ್‌ಮ್ಯಾನನ ಕುರ್ಚಿಯಲ್ಲಿ ಕೂತಿದ್ದೆ. ಕ್ಯಾಪ್ಟನ್ ವನಜಕ್ಕ ಹಗ್ಗದ ಬಾಲವನ್ನು ಅವಳ ಕಡೆ ಚಾಚಿದರು.

“ಬಾ ಕಂಬ, ನಿನ್ನ ಜಾಗಕ್ಕೆ ಬಾ.”

ಜಯಾ ಅದನ್ನು ತೆಗೆದುಕೊಳ್ಳಲಿಲ್ಲ. ಸಾಲನ್ನು ದಾಟಿಕೊಂಡು ಮುಂದೆ ಬಂದು, ಎಲ್ಲರಿಗಿಂತ ಮೊದಲು, ಕಂಬಕ್ಕೆ ಮುಖಮಾಡಿ ಹಗ್ಗ ಹಿಡಿದಳು.

“ಅಲ್ಲಿ ಎಂತ ಮಾಡ್ತಿ ನೀನು? ಮುಂದೆ ಹಗುರದವರು ಬೇಕು. ಲಾಸ್ಟಿಗೆ ಯಾರು ನಿಲ್ಲುವುದು, ನಿನ್ನ ಅತ್ತೆಯಾ?”

“ಯಾರಾದ್ರೂ ನಿಲ್ಲಿ. ನಾನು ಇಲ್ಲೇ.”

“ಸೋಲ್ತೇವೆ ಮಾರಾಯ್ತಿ!”

“ಸೋಲುವಾ,” ಎಂದಳು ಜಯಾ. “ನನ್ನ ಎದುರು ಯಾರ ಹಿಮ್ಮಡಿಯೂ ಬೇಡ.”

ವನಜಕ್ಕ ನನ್ನ ಕಡೆ ನೋಡಿದರು. ನಾನು ಎದ್ದು ಅವಳ ಹತ್ತಿರ ಹೋದೆ. “ಜಯಾ, ಹಿಂದೆ ಹೋಗು. ನಿನ್ನ ಕಾಲು ಏನೂ ಮಾಡಿಲ್ಲ,” ಎಂದೆ, ಎಲ್ಲರಿಗೂ ಕೇಳುವ ಹಾಗೆ. ಅವಳು ನನ್ನನ್ನು ನೋಡಿ ನಕ್ಕಳು. ಅದರಲ್ಲಿ ಪ್ರೀತಿಯೇ ಇತ್ತು. “ನೀನು ಕೂತ್ಕೋ ಅಕ್ಕ, ಕಾಲು ಊದ್ತದೆ,” ಎಂದಳು.

ಸೀಟಿ ಊದಿದರು. ಎಂಟು ಜನ ಹಿಂದಕ್ಕೆ ವಾಲಿದರು. ಹಗ್ಗ ಹಿಡಿದವರು ಎದುರು ನೋಡಬೇಕು. ಅದನ್ನು ನನಗೆ ಕಲಿಸಿದವಳೇ ಜಯಾ. ಸಾಲಿನಲ್ಲಿ ಏಳು ಮುಖ ಕಂಬದ ಕಡೆಗಿದ್ದವು. ಜಯಾ ತಲೆ ತಗ್ಗಿಸಿ, ತನ್ನ ಎಡಗಾಲು ಎಲ್ಲಿದೆಯೆಂದು ನೋಡಿಕೊಳ್ಳುತ್ತಿದ್ದಳು.